ಎಲೈಸಾ ತಟ್ಟೆಯಲ್ಲಿ ಕೊರೊನಾ ಪ್ರತಿಕಾಯ: ಪತ್ತೆ ಹೇಗೆ, ವರದಿ ಓದುವುದು ಹೇಗೆ?

ಪ್ರತಿಕಾಯ ಪರೀಕ್ಷೆ ಕೊರೊನಾ ವೈರಾಣುವನ್ನು ಹುಡುಕುವುದಿಲ್ಲ. ಸೋಂಕಿಗೋ ಲಸಿಕೆಗೋ ಪ್ರತಿಕ್ರಿಯೆಯಾಗಿ ದೇಹ ತಯಾರಿಸಿದ ರಕ್ಷಣಾ ಪ್ರೋಟೀನುಗಳನ್ನು, ಅಂದರೆ ಪ್ರತಿಕಾಯಗಳನ್ನು, ರಕ್ತದಲ್ಲಿ ಹುಡುಕುತ್ತದೆ. ಹಾಗಾಗಿ ಜ್ವರ ಬಂದ ಮರುದಿನವೇ ಇದನ್ನು ಮಾಡಿಸಿದರೆ ಹಣ ದಂಡ. ಈ ಪರೀಕ್ಷೆ ಹುಡುಕುವ ಐಜಿಜಿ ಎಂಬ ಬಗೆಯ ಪ್ರತಿಕಾಯಗಳು ಅಳತೆಗೆ ಸಿಗುವಷ್ಟು ಬೆಳೆಯಲು ಸಾಮಾನ್ಯವಾಗಿ ಎರಡು ವಾರ ಬೇಕು. ಸೋಂಕು ಈಗ ಇದೆಯೇ ಎಂದು ತಿಳಿಯಬೇಕಿದ್ದರೆ ಆರ್‌ಟಿ–ಪಿಸಿಆರ್ ಮಾಡಿಸಿ.

ಮೊದಲು ತೋಳಿನ ರಕ್ತನಾಳದಿಂದ ರಕ್ತ ತೆಗೆದು ಹೆಪ್ಪುಗಟ್ಟಲು ಬಿಡುತ್ತಾರೆ. ಬಳಿಕ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ತಿಳಿಹಳದಿ ಸೀರಂ ಮೇಲೆ ನಿಲ್ಲುತ್ತದೆ. ಪ್ರತಿಕಾಯಗಳಿರುವುದು ಅದರಲ್ಲೇ.

ಎರಡನೇ ಹಂತ ಎಲೈಸಾ, ಅಂದರೆ ಕಿಣ್ವದ ನೆರವಿನಿಂದ ಬಣ್ಣ ಬರಿಸಿ ಪ್ರತಿಕಾಯ ಪತ್ತೆ ಮಾಡುವ ವಿಧಾನ. ಇದಕ್ಕೆ ಇಡ್ಲಿ ತಟ್ಟೆಯಂತೆ ಸಾಲು ಕುಳಿಗಳಿರುವ, 96 ಕುಳಿಗಳ ಪ್ಲಾಸ್ಟಿಕ್ ತಟ್ಟೆ ಬೇಕು. ಕುಳಿಗಳ ತಳಕ್ಕೆ ವೈರಾಣುವಿನ ಪ್ರೋಟೀನನ್ನು ಮೊದಲೇ ಅಂಟಿಸಿರುತ್ತಾರೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 2020ರಲ್ಲಿ ರೂಪಿಸಿದ ‘ಕೋವಿಡ್ ಕವಚ್’ ಕಿಟ್ ಎರಡೂವರೆ ಗಂಟೆಯಲ್ಲಿ 90 ಮಾದರಿಗಳನ್ನು ಒಟ್ಟಿಗೆ ಪರೀಕ್ಷಿಸುತ್ತಿತ್ತು.

ತೆಳುಗೊಳಿಸಿದ ಸೀರಂ ಹಾಕಿದಾಗ ಹೊಂದುವ ಪ್ರತಿಕಾಯಗಳು ಆ ಪ್ರೋಟೀನಿಗೆ ಕಚ್ಚಿಕೊಳ್ಳುತ್ತವೆ. ಉಳಿದದ್ದನ್ನು ಮತ್ತೆ ಮತ್ತೆ ತೊಳೆಯಬೇಕು. ನುರಿತ ತಂತ್ರಜ್ಞರು ಅತಿ ಹೆಚ್ಚು ಎಚ್ಚರ ವಹಿಸುವುದು ಇಲ್ಲೇ. ತೊಳೆಯುವುದು ಅರೆಬರೆಯಾದರೆ ಇಲ್ಲದ ಪ್ರತಿಕಾಯವೂ ಇದ್ದಂತೆ ಕಾಣುತ್ತದೆ. ಆಮೇಲೆ ಮನುಷ್ಯರ ಐಜಿಜಿಗೆ ಅಂಟುವ, ಕಿಣ್ವ ಜೋಡಿಸಿದ ಇನ್ನೊಂದು ಪ್ರತಿಕಾಯ ಹಾಕಿ ಮತ್ತೆ ತೊಳೆಯುತ್ತಾರೆ. ಕೊನೆಗೆ ಆ ಕಿಣ್ವ ತಾಗಿದರೆ ಬಣ್ಣ ಬರುವ ಟಿಎಂಬಿ ಎಂಬ ದ್ರಾವಣ ಸೇರಿಸಿದರೆ ಪ್ರತಿಕಾಯವಿದ್ದ ಕುಳಿ ನೀಲಿಯಾಗುತ್ತದೆ. ಆಮ್ಲ ಹಾಕಿದಾಗ ಅದು ಹಳದಿಗೆ ತಿರುಗುತ್ತದೆ. ಆ ಬಣ್ಣದ ಗಾಢತೆಯನ್ನು ಯಂತ್ರ 450 ನ್ಯಾನೊಮೀಟರ್ ತರಂಗಾಂತರದಲ್ಲಿ ಅಳೆಯುತ್ತದೆ.

ಇನ್ನು ವರದಿ. ಯಾವ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಎಂದು ಕೇಳದೆ ಅದನ್ನು ಓದಬೇಡಿ. ಕೋವಿಶೀಲ್ಡ್ ಪಡೆದವರಲ್ಲಿ ಲಸಿಕೆಯಿಂದ ಸ್ಪೈಕ್, ಅಂದರೆ ವೈರಾಣುವಿನ ಹೊರಮೈಯ ಮುಳ್ಳಿನಂಥ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಮಾತ್ರ ಹುಟ್ಟುತ್ತದೆ. ವೈರಾಣುವಿನ ಒಳಗಿರುವ ನ್ಯೂಕ್ಲಿಯೊಕ್ಯಾಪ್ಸಿಡ್ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯವೂ ಕಂಡರೆ ಸೋಂಕು ತಗುಲಿ ಹೋಗಿರುವ ಸಾಧ್ಯತೆ ಹೆಚ್ಚು. ಕೊವ್ಯಾಕ್ಸಿನ್ ಇಡೀ ವೈರಾಣುವನ್ನು ನಿಷ್ಕ್ರಿಯಗೊಳಿಸಿ ಮಾಡಿದ್ದು, ಅದರಿಂದ ಎರಡೂ ಬಗೆಯ ಪ್ರತಿಕಾಯ ಹುಟ್ಟಬಹುದು; ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಪಾಸಿಟಿವ್ ಎಂದ ಮಾತ್ರಕ್ಕೆ ನಂಬಬೇಕೆಂದೂ ಇಲ್ಲ. 2020ರ ಮೇ–ಜೂನ್‌ನಲ್ಲಿ ನಡೆದ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೊದಲ ಸೆರೋ ಸಮೀಕ್ಷೆಯ, ಅಂದರೆ ಜನರ ರಕ್ತದಲ್ಲಿ ಪ್ರತಿಕಾಯ ಹುಡುಕುವ ಸಮೀಕ್ಷೆಯ, ಅಂದಾಜಿನಂತೆ ಸೋಂಕು ತಗುಲಿದ್ದ ವಯಸ್ಕರು ಶೇ 0.73 ಮಾತ್ರ. ಸೋಂಕು ಶೇ 1ರಷ್ಟಿರುವ ಕಡೆ ಸಾವಿರ ಜನರನ್ನು ಪರೀಕ್ಷಿಸಿದರೆ ನಿಜವಾದ ಪಾಸಿಟಿವ್ ಹೆಚ್ಚೆಂದರೆ ಹತ್ತು. ಸೋಂಕು ತಗುಲದವರಲ್ಲಿ ಕಿಟ್ ಶೇ 2ರಷ್ಟು ತಪ್ಪಿದರೂ ಸುಳ್ಳು ಪಾಸಿಟಿವ್ ಸುಮಾರು ಇಪ್ಪತ್ತು! 2021ರ ಜೂನ್–ಜುಲೈ ಸಮೀಕ್ಷೆಯ ವೇಳೆಗೆ ಪ್ರತಿಕಾಯ ಕಂಡವರು ಶೇ 67.6ಕ್ಕೆ ಏರಿದ್ದರು. ಆಗ ಅದೇ ಕಿಟ್‌ನ ಪಾಸಿಟಿವ್ ಫಲಿತಾಂಶ ಬಹುಪಾಲು ನಿಜವೇ ಆಗಿರುತ್ತದೆ.

ವರದಿಯಲ್ಲಿ ಪ್ರತಿಕಾಯದ ಸಂಖ್ಯೆ ದೊಡ್ಡದಿದೆ ಎಂದು ಮಾಸ್ಕ್ ಬಿಸಾಡುವುದಾಗಲಿ, ಚಿಕ್ಕದಿದೆ ಎಂದು ಕಂಗಾಲಾಗುವುದಾಗಲಿ ಬೇಡ. ಇಷ್ಟಿದ್ದರೆ ರಕ್ಷಣೆ ಖಚಿತ ಎನ್ನುವ ಎಲ್ಲರೂ ಒಪ್ಪಿದ ಗಡಿ ಇಲ್ಲ. ಎರಡು ವರದಿಗಳನ್ನು ಹೋಲಿಸುವುದಿದ್ದರೆ ಒಂದೇ ಲ್ಯಾಬ್‌ನಲ್ಲಿ, ಒಂದೇ ಕಿಟ್‌ನಿಂದ ಮಾಡಿಸಿ. ಲಸಿಕೆ ಪಡೆದ ದಿನಾಂಕವನ್ನು ವೈದ್ಯರಿಗೆ ಮೊದಲೇ ತಿಳಿಸಿ.