ಬೆಟ್ಟದ ಕೆಂಪು ವೈನಿಗೆ ಮೂರನೇ ದಿನ ಅಂಕ: ನನ್ನ ಅನುಭವ

ಮಾಂಟೆ ಬೆಲ್ಲೋ, ಅಂದರೆ ಕ್ಯಾಲಿಫೋರ್ನಿಯಾದ ಕುಪರ್ಟಿನೋ ಮೇಲಿನ ಬೆಟ್ಟದಲ್ಲಿ ರಿಡ್ಜ್ ಕಂಪನಿ ಮುಖ್ಯವಾಗಿ ಕ್ಯಾಬರ್ನೆ ದ್ರಾಕ್ಷಿಯಿಂದ ಮಾಡುವ ಕೆಂಪು ವೈನ್, ಅದರ ಬಾಟಲಿ ತೆರೆದ ರಾತ್ರಿಯೇ ಅಂಕ ಹಾಕಬೇಡಿ. ಕುಪರ್ಟಿನೋದ ನಮ್ಮ ಗುಂಪಿನಲ್ಲಿ ಈ ಮಾತನ್ನು ಯಾರೂ ಒಪ್ಪಿರಲಿಲ್ಲ. 'ಎರಡು ದಿನ ಇಟ್ಟರೆ ವಿನೆಗರ್ ಆಗುತ್ತೆ' ಅಂದರು. ಈಗ ಅವರೇ ಮೂರನೇ ದಿನದ ಹಾಳೆ ಕೇಳುತ್ತಾರೆ.

ಮೊದಲು ನಾವೂ 20 ಅಂಕದ ಪಟ್ಟಿಯನ್ನೇ ಹಿಡಿದಿದ್ದೆವು. ಯಾವ ವೈನಿಗೂ 16, ಇಲ್ಲವೇ 17. ನೂರು ಅಂಕದ ಪಟ್ಟಿಗೆ ಹೋದರೆ ಎಲ್ಲವೂ 90ರ ಆಸುಪಾಸು. ಕಣಿವೆಯ ಸಿಹಿ ಹಣ್ಣಿನ ಕ್ಯಾಬರ್ನೆ ಪ್ರತಿ ಸಲ ಗೆಲ್ಲುತ್ತಿತ್ತು. ಬೆಟ್ಟದ್ದು ಬಿಗಿಯಾಗಿ, ಒಗರಾಗಿ ಹಿಂದೆ ಉಳಿಯುತ್ತಿತ್ತು. ಒಂದು ಸಲ 150 ಡಾಲರ್ ಹತ್ತಿರ ಕೊಟ್ಟು ತಂದ ಹಳೇ ಬಾಟಲಿ ಕಾರ್ಕ್ ಕೆಟ್ಟು ಒದ್ದೆ ರಟ್ಟಿನ ವಾಸನೆ ಹೊಡೆಯಿತು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಖರ್ಚು ಎಲ್ಲರ ತಲೆಗೂ ಬಿತ್ತು, ಇಬ್ಬರು ಗುಂಪೇ ಬಿಟ್ಟರು.

ನನ್ನ ಹಟಕ್ಕೆ ಆಧಾರ ಇತ್ತು. ಕ್ಯಾಲಿಫೋರ್ನಿಯಾ ಮತ್ತು ಫ್ರೆಂಚ್ ವೈನ್‌ಗಳನ್ನು ಎದುರುಬದುರು ಇಟ್ಟ 1976ರ ಪ್ಯಾರಿಸ್ ಸ್ಪರ್ಧೆಯಲ್ಲಿ ರಿಡ್ಜ್‌ನ 1971ರ ಮಾಂಟೆ ಬೆಲ್ಲೋ ಐದನೇ ಸ್ಥಾನದಲ್ಲಿತ್ತು. 2006ರಲ್ಲಿ ಅವೇ ಕೆಂಪು ವೈನ್‌ಗಳನ್ನು ಮತ್ತೆ ಹೆಸರು ಮುಚ್ಚಿಟ್ಟು ರುಚಿ ನೋಡಿದಾಗ ಅದೇ ಮೊದಲು ಬಂತು. ಮೂವತ್ತು ವರ್ಷ ಕಾಯುವುದು ನಮ್ಮ ಕೈಲಿ ಆಗಲ್ಲ. ಗಾಳಿಗೆ ಎರಡು ದಿನ ಬಿಡಬಹುದು, ಅಲ್ವಾ? ವಯಸ್ಸಾದ ರುಚಿಯೇ ಅದರಿಂದ ಬರುವುದಿಲ್ಲ, ಆದರೆ ಒಗರಿನ ಹಿಂದೆ ಹಣ್ಣು ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಈಗ ಆರು ಬಾಟಲಿ, ಎಂಟು ಜನ. ಒಂದು ಮಾಂಟೆ ಬೆಲ್ಲೋ, ಅದೇ ತೋಟದ ಎಸ್ಟೇಟ್ ಕ್ಯಾಬರ್ನೆ ಎರಡು (ಎರಡರಲ್ಲೂ ಒಂದೇ ವೈನ್), ಅದೇ ಬೆಟ್ಟಸಾಲಿನ ಇನ್ನೊಂದು ಕಂಪನಿ ಮೌಂಟ್ ಈಡನ್‌ನದ್ದು ಒಂದು, ಕಣಿವೆಯದ್ದು ಒಂದು, ಬೇರೆ ಊರಿನದ್ದು ಒಂದು. ತಲೆಗೆ ಸುಮಾರು 75 ಡಾಲರ್ ಬೀಳುತ್ತದೆ. ಅರ್ಧದ ಹತ್ತಿರ ಮಾಂಟೆ ಬೆಲ್ಲೋಗೇ ಹೋಗುತ್ತದೆ. ಬಾಟಲಿ ಬಾಯಿಗೆ ಸುತ್ತಿದ ಹೊದಿಕೆ (ಕ್ಯಾಪ್ಸೂಲ್) ಪೂರ್ತಿ ಕಿತ್ತು ಕಂದು ಚೀಲಕ್ಕೆ ಹಾಕುತ್ತೇವೆ. ನಂಬರ್ ಬರೆಯುವವರು ಈ ಎಂಟರಲ್ಲಿ ಸೇರಿಲ್ಲ, ಆ ದಿನ ಕುಡಿಯುವುದಿಲ್ಲ. ಮೊದಲ ರಾತ್ರಿ ತಲಾ 50 ಎಂಎಲ್. ಅರ್ಧಕ್ಕಿಂತ ಸ್ವಲ್ಪ ಕಡಿಮೆ ಉಳಿಯುತ್ತದೆ. ಕಾರ್ಕ್ ವಾಪಸ್ ಒತ್ತಿ, 16–18 ಡಿಗ್ರಿಯಲ್ಲಿ ಇಡುತ್ತೇವೆ. ಮೂರನೇ ದಿನ ನಂಬರ್ ಬದಲಿಸಿ, ತಲಾ 40.

ಅಂಕ ಬಿಟ್ಟು ಸ್ಥಾನ ಬರೆಸುವುದು ದೊಡ್ಡ ಬದಲಾವಣೆ. ಸ್ಥಾನಗಳ ಮೊತ್ತ ಕಡಿಮೆ ಇದ್ದದ್ದು ಗೆದ್ದಂತೆ. ಎರಡು ಎಸ್ಟೇಟ್ ಬಾಟಲಿಗಳ ನಡುವೆ ಒಂದಕ್ಕಿಂತ ಜಾಸ್ತಿ ಅಂತರ ಕೊಟ್ಟವರ ಹಾಳೆ ಅವತ್ತಿಗೆ ಲೆಕ್ಕಕ್ಕಿಲ್ಲ. ಮುಖ ಸಿಂಡರಿಸಿಕೊಂಡವರು ಇದ್ದಾರೆ. ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್ ವೈನ್ ಸ್ಪರ್ಧೆಯ ತೀರ್ಪುಗಾರರಿಗೇ ವೈನ್ ತಯಾರಕ ರಾಬರ್ಟ್ ಹಾಡ್ಗ್‌ಸನ್ ಒಂದೇ ವೈನನ್ನು ಮತ್ತೆ ಮತ್ತೆ ಕೊಟ್ಟು ಅಂಕ ಏರುಪೇರಾಗುವುದನ್ನು ತೋರಿಸಿದ್ದಾರೆ, ಅದನ್ನು ನೆನಪಿಸುತ್ತೇನೆ. ನನ್ನ ಹಾಳೆ ಇದುವರೆಗೆ ಒಮ್ಮೆಯೂ ಬಿದ್ದಿಲ್ಲ.

ನಡುವೆ ತಿನ್ನೋದು ಉಪ್ಪಿಲ್ಲದ ಮಂಡಕ್ಕಿ, ಅಷ್ಟೇ. ಚೀಸ್ ಇಟ್ಟು ನೋಡಿದೆವು. ಒಗರೆಲ್ಲ ಅಡಗಿ ಆರೂ ಒಂದೇ ಥರ ಕಂಡವು. ಕೋಡುಬಳೆಯ ಖಾರ ನಾಲಗೆಯಲ್ಲಿದ್ದರೆ ಆಲ್ಕೋಹಾಲ್ ಸುಡುತ್ತದೆ. ನಂದಿ ಬೆಟ್ಟದ ತಪ್ಪಲಿನ ಕ್ಯಾಬರ್ನೆ-ಶಿರಾಜ್ ಒಂದನ್ನು ಸೂಟ್‌ಕೇಸಿನಲ್ಲಿ ತಂದು ಯಾರಿಗೂ ಹೇಳದೆ ಸೇರಿಸಿದ್ದೆ. ಮೊದಲ ರಾತ್ರಿ ಮೂವರು ಅದನ್ನು ಮೇಲೆ ಹಾಕಿದರು! ಮೂರನೇ ದಿನ ನಡುವಿಗೆ ಇಳಿಯಿತು. ಆದರೂ ಕಣಿವೆಯದ್ದಕ್ಕಿಂತ ಮೇಲೆ.

ಗ್ಲಾಸ್ ಇಡುವ ಕ್ರಮ ಮತ್ತು ಹಳೇ ಬಾಟಲಿ ಅಗ್ಗಕ್ಕೆ ಸಿಗುವ ಜಾಗ ನನ್ನಲ್ಲೇ ಇರಲಿ.

ಕಳೆದ ಸುತ್ತಿನಲ್ಲಿ ಮೊದಲ ರಾತ್ರಿ ಮಾಂಟೆ ಬೆಲ್ಲೋ ನಾಲ್ಕನೇದು, ಎಸ್ಟೇಟ್ ಎರಡನೇದು. ಮೃದುವಾಗಿದ್ದು ಬೇಗ ರುಚಿ ಬಿಡುವ ವೈನಿನ ಪಾಲನ್ನೇ ಎಸ್ಟೇಟಿಗೆ ಆರಿಸುತ್ತಾರಲ್ಲ, ಅದಕ್ಕೇ. ಮೂರನೇ ದಿನ ಮಾಂಟೆ ಬೆಲ್ಲೋದಲ್ಲಿ ಕಪ್ಪು ನೇರಳೆ, ಸೀಸದ ಕಡ್ಡಿ ಕೆತ್ತಿದ ವಾಸನೆ, ಒದ್ದೆ ಕಲ್ಲು ಎಲ್ಲಾ ಬಿಡಿಸಿಕೊಂಡು ಬಂದವು. ಎಂಟರಲ್ಲಿ ಆರು ಜನ ಮೊದಲ ಸ್ಥಾನ ಕೊಟ್ಟರು. ಎಸ್ಟೇಟ್ ಎರಡನೇ ಸ್ಥಾನದಲ್ಲೇ ನಿಂತಿತು, ಬೆಲೆ ಮೂರನೇ ಒಂದು ಭಾಗ. ವಾರದ ಊಟಕ್ಕೆ ನಾನು ತರುವುದು ಅದನ್ನೇ.