ಲಿನಕ್ಸ್ ಕಂಪ್ಯೂಟರ್ ದಿಢೀರನೆ ನಿಂತರೆ ಎಲ್ಲಿಂದ ಹುಡುಕಬೇಕು?

ಕೆಲಸದ ನಡುವೆ ಕಂಪ್ಯೂಟರ್ ನಿಂತುಹೋದರೆ ಎಷ್ಟೋ ಜನ ಇಡೀ ಸಿಸ್ಟಂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೋಷ ರ‍್ಯಾಮ್‌ನಲ್ಲಿದ್ದರೆ ಅದು ಮತ್ತೆ ಬಂದೇ ಬರುತ್ತದೆ. ಅಳಿಸಿಹೋಗುವುದು ಸುಳಿವು ಮಾತ್ರ.

ಮೊದಲು, ನಿಂತಿರುವುದು ಏನು ಎಂದು ತಿಳಿಯಿರಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆ ಬಂದು ಲಾಗಿನ್ ಕೇಳಿದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಚೆನ್ನಾಗಿಯೇ ಇದೆ; ತೊಂದರೆ ಡೆಸ್ಕ್‌ಟಾಪ್‌ನದೋ ಗ್ರಾಫಿಕ್ಸ್ ಡ್ರೈವರ್‌ನದೋ ಇರಬೇಕು. ಕೀಬೋರ್ಡಿನ ಕ್ಯಾಪ್ಸ್ ಲಾಕ್ ದೀಪ ಮಿನುಗುತ್ತಿದ್ದರೆ ಸಾಮಾನ್ಯವಾಗಿ ಅದು ಕರ್ನಲ್ ಪ್ಯಾನಿಕ್, ಅಂದರೆ ಕರ್ನಲ್ಲೇ ಕೈಚೆಲ್ಲಿ ನಿಂತಿದೆ.

ಪವರ್ ಬಟನ್ ಅದುಮಿ ಹಿಡಿಯುವ ಮುಂಚೆ ಇನ್ನೊಂದು ದಾರಿ ಇದೆ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಅಕ್ಷರಗಳನ್ನು ನಿಧಾನವಾಗಿ ಒಂದೊಂದಾಗಿ ಒತ್ತಿ. ಬಾಕಿ ಇರುವ ಡೇಟಾ ಡಿಸ್ಕಿಗೆ ಹೋಗುತ್ತದೆ, ಡಿಸ್ಕ್ ಓದಲು ಮಾತ್ರ ಎಂಬ ಸ್ಥಿತಿಗೆ ಬರುತ್ತದೆ, ಆಮೇಲೆ ಯಂತ್ರ ರೀಬೂಟ್ ಆಗುತ್ತದೆ. ಕೆಲವು ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬೇರೆ ಬೇರೆ ರೂಪಗಳಲ್ಲಿ) ಇದಕ್ಕೆ ಪೂರ್ತಿ ಅನುಮತಿ ಇರುವುದಿಲ್ಲ.

ಈಗ ಮುಖ್ಯವಾದ ಕೆಲಸ: ಹಿಂದಿನ ಬೂಟ್‌ನ ಲಾಗ್, ಅಂದರೆ ಸಿಸ್ಟಂ ತಾನೇ ಬರೆದಿಟ್ಟ ದಾಖಲೆ, ಓದುವುದು. ಟರ್ಮಿನಲ್‌ನಲ್ಲಿ ಜರ್ನಲ್‌ಸಿಟಿಎಲ್ ಕಮಾಂಡಿಗೆ ಮೈನಸ್ ಬಿ, ಮೈನಸ್ 1, ಮೈನಸ್ ಇ ಸೇರಿಸಿ ಕೊಡಿ (journalctl -b -1 -e). ಕ್ರ್ಯಾಶ್‌ಗೆ ಮುಂಚಿನ ಕೊನೆಯ ಸಾಲುಗಳೇ ತೆರೆದುಕೊಳ್ಳುತ್ತವೆ. ಹಳೆಯ ಲಾಗ್ ಸಿಗದಿದ್ದರೆ ವಾರ್ ಫೋಲ್ಡರಿನ ಲಾಗ್ ಒಳಗೆ ಜರ್ನಲ್ ಹೆಸರಿನ ಡೈರೆಕ್ಟರಿ (/var/log/journal) ಮಾಡಿ, ರೀಬೂಟ್ ಮಾಡಿ. ಮುಂದಿನ ಸಲಕ್ಕಾದರೂ ಉಳಿಯುತ್ತದೆ.

'ಔಟ್ ಆಫ್ ಮೆಮೊರಿ' ಎಂದಿದ್ದರೆ ಯಾವುದೋ ಪ್ರೋಗ್ರಾಂ ರ‍್ಯಾಮ್ ಪೂರ್ತಿ ತಿಂದಿದೆ. 'ಐ/ಓ ಎರರ್' ಇದ್ದರೆ ಡಿಸ್ಕ್ ಅಥವಾ ಅದರ ಕೇಬಲ್ ನೋಡಿ. 'ಎಕ್ಸ್ಐಡಿ' ಎಂಬುದು ಎನ್‌ವಿಡಿಯಾ ಡ್ರೈವರ್ ಬರೆಯುವ ದೂರು. ಏನನ್ನೂ ಹೇಳದೆ ಲಾಗ್ ಥಟ್ಟನೆ ತುಂಡಾಗಿದ್ದರೆ? ನನ್ನ ಮಟ್ಟಿಗೆ ಅದೂ ಒಂದು ಒಳ್ಳೆಯ ಸುಳಿವೇ. ಬರೆದಿಡಲೂ ಕರ್ನಲ್‌ಗೆ ಸಮಯ ಸಿಕ್ಕಿಲ್ಲ ಎಂದರೆ ಪವರ್ ಸಪ್ಲೈ, ಬಿಸಿ, ರ‍್ಯಾಮ್, ಈ ಮೂರರ ಮೇಲೆ ಅನುಮಾನ ಜಾಸ್ತಿ.

ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ಸುಮ್ನೆ ಬಿಡಬೇಡಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ ಮತ್ತೆ ಪರೀಕ್ಷಿಸಿ, ಆಮೇಲೆ ಸ್ಟಿಕ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಬಿಸಿ ಎಷ್ಟಿದೆ ಎಂದು ನೋಡಲು 'ಸೆನ್ಸರ್ಸ್' ಕಮಾಂಡ್ ಸಾಕು. ಆದರೆ ಯಂತ್ರಕ್ಕೆ ಭಾರೀ ಕೆಲಸ ಕೊಟ್ಟಿರುವಾಗಲೇ ಅದನ್ನು ನೋಡಬೇಕು. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುತ್ತಿದ್ದರೆ ಫ್ಯಾನ್ ಮತ್ತು ಹೀಟ್‌ಸಿಂಕ್‌ನ ದೂಳು ತೆಗೆಯಿರಿ. ಡಿಸ್ಕಿಗೆ 'ಸ್ಮಾರ್ಟ್‌ಸಿಟಿಎಲ್' ಇದೆ. ಅದು ತೋರಿಸುವ ಪೆಂಡಿಂಗ್ ಸೆಕ್ಟರ್ (ಡಿಸ್ಕಿನಲ್ಲಿ ಸರಿಯಾಗಿ ಓದಲಾಗದ ಜಾಗ) ಲೆಕ್ಕ ಏರುತ್ತಿದ್ದರೆ ಉಳಿದ ಪರೀಕ್ಷೆ ಬಿಟ್ಟು ಮೊದಲು ಬ್ಯಾಕಪ್ ಮಾಡಿ.

ಅಪ್‌ಡೇಟ್ ಆದ ಮೇಲೆ ಕಾಟ ಶುರುವಾಯಿತೇ? ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಿಂದ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿ. ಅದರಲ್ಲಿ ಸರಿಯಿದ್ದರೆ ಸದ್ಯ ಅದನ್ನೇ ಬಳಸಿ. ಯಾವ ಕರ್ನಲ್ ಸರಿ, ಯಾವುದು ಕೈಕೊಟ್ಟಿತು ಎಂದು ಆವೃತ್ತಿ ಸಂಖ್ಯೆ ಸಮೇತ ಬರೆದು, ಲಾಗ್ ಜೊತೆಗೆ ನಿಮ್ಮ ಡಿಸ್ಟ್ರೋದ ಬಗ್ ಟ್ರ್ಯಾಕರ್‌ಗೆ ಕಳಿಸಿ.