ಆರಡಿ ಗ್ಯಾರೇಜಿನಲ್ಲಿ ಕ್ಲಾಸಿಕ್ 350

ಗ್ಯಾರೇಜು ಸಣ್ಣದಿದ್ದರೆ ನಾವೆಲ್ಲ ಮೊದಲು ಗಾಡಿಯ ಅಳತೆ ತೆಗೆಯುತ್ತೇವೆ. ಉದ್ದ ಎಷ್ಟು, ಅಗಲ ಎಷ್ಟು, ಶಟರ್ ಬಾಗಿಲಲ್ಲಿ ಹ್ಯಾಂಡಲ್ ಹಿಡಿಸುತ್ತದೋ ಇಲ್ಲವೋ. ಅದು ಬೇಕೇ ಬೇಕು. ಆದರೆ ಗಾಡಿಯನ್ನು ಒಳಗೆ ತಳ್ಳುವವನು, ಸ್ಟ್ಯಾಂಡ್ ಹಾಕುವವನು, ಮತ್ತೆ ಹೊರಗೆ ತೆಗೆಯುವವನು ಒಬ್ಬ ಮನುಷ್ಯ. ಅವನ ಎರಡು ಕಾಲಿಗೆ ಜಾಗ ಇಲ್ಲದಿದ್ದರೆ ಗಾಡಿ ಇವತ್ತಲ್ಲ ನಾಳೆ ಬೀಳುತ್ತದೆ. ಇಕ್ಕಟ್ಟಿನ ಗ್ಯಾರೇಜಿನಲ್ಲಿ ಕಳ್ಳರಿಗಿಂತ, ತುಕ್ಕಿಗಿಂತ ಮೊದಲು ನೋಡಿಕೊಳ್ಳಬೇಕಾದದ್ದು ಇದನ್ನೇ ಅಂತ ನನ್ನ ಅಭಿಪ್ರಾಯ. ನನ್ನ ಗ್ಯಾರೇಜನ್ನು ಹೊಂದಿಸಿದ್ದು ಈ ಲೆಕ್ಕದ ಮೇಲೆ.

ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಹಳೆಯ ಮನೆ. ಕಂಪೌಂಡಿಗೂ ಮನೆಯ ಗೋಡೆಗೂ ನಡುವೆ ಮೊದಲು ಕಟ್ಟಿಗೆ ಒಟ್ಟುತ್ತಿದ್ದ ಜಾಗ ಇತ್ತು. ಅದಕ್ಕೆ ಮೇಲೆ ಶೀಟು ಹಾಕಿ, ಮುಂದೆ ಶಟರ್ ಕೂಡಿಸಿದ್ದೇ ನಮ್ಮ ಗ್ಯಾರೇಜು. ಅಗಲ 6 ಅಡಿ, ಉದ್ದ 11 ಅಡಿ. ಒಂದು ಗೋಡೆಯ ಆಚೆ ಬಚ್ಚಲು. ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ನನ್ನ ನೌಕರಿ ಹುಬ್ಬಳ್ಳಿಯಲ್ಲಿ. 2018ರಲ್ಲಿ ಎರಡೂ ಊರಿನ ನಡುವೆ ಚಿಗರಿ ಬಸ್ಸು ಶುರುವಾದ ಮೇಲೆ ದಿನಾ ಅದರಲ್ಲೇ ಓಡಾಟ. ಹಾಗಾಗಿ ಗಾಡಿ ವಾರವೆಲ್ಲ ಒಳಗೇ ನಿಂತಿರುತ್ತದೆ. ಮಿರಗದ ಮಳೆ ಹಿಡಿದು, ಆಮೇಲೆ ಧಾರವಾಡದ ಜಿಟಿಜಿಟಿ ಶುರುವಾದರೆ ಅದು ಹೊರಗೆ ಬರುವುದೇ ಅಪರೂಪ.

ನೆಲ ಸರಿಮಾಡಲು ಕರೆಸಿದ ಗವಂಡಿಗೆ ನಾನು ಸೀಮೆಸುಣ್ಣದಿಂದ ಗಾಡಿಯ ಗುರುತು ಹಾಕಿ ತೋರಿಸಿದೆ. ಅವರು ನೋಡಿ ಒಂದೇ ಮಾತು ಕೇಳಿದರು: "ಗಾಡಿ ಇಲ್ಲಿ ನಿಂದರತೈತ್ರಿ ಸರ, ಖರೆ. ನೀವ ಎಲ್ಲಿ ನಿಂದರಾವ್ರು?" ಅಲ್ಲಿಂದ ಮುಂದಿನ ಅಳತೆಯೆಲ್ಲ ಸುಲಭವಾಯಿತು.

ಕ್ಲಾಸಿಕ್ 350ರ ಉದ್ದ 2145 ಮಿಲಿಮೀಟರ್, ಅಂದರೆ ಸುಮಾರು 7 ಅಡಿ. ಕನ್ನಡಿ ಬಿಟ್ಟು ಅಗಲ 785 ಮಿಲಿಮೀಟರ್, ಎರಡೂವರೆ ಅಡಿಗಿಂತ ತುಸು ಜಾಸ್ತಿ. ತೂಕ 195 ಕೆ.ಜಿ. ಇಷ್ಟು ಭಾರದ ಗಾಡಿ ಒಂದು ಸಲ ವಾಲಿತೆಂದರೆ ಕೈಬಲದಿಂದ ತಡೆಯುವುದು ಕಷ್ಟ. ವಾಲದಂತೆ ನಿಲ್ಲಿಸುವುದೇ ದಾರಿ. ಆರಡಿ ಅಗಲದಲ್ಲಿ ಗಾಡಿಯನ್ನು ನಟ್ಟನಡುವೆ ನಿಲ್ಲಿಸಿದರೆ ಎರಡೂ ಪಕ್ಕ ಒಂದೂವರೆ ಅಡಿ ಉಳಿಯುತ್ತದೆ. ಆ ಒಂದೂವರೆ ಅಡಿ ಯಾವ ಪಕ್ಕಕ್ಕೂ ಸಾಲದು. ಬಗ್ಗಿದರೆ ಬೆನ್ನು ಗೋಡೆಗೆ ತಾಗುತ್ತದೆ. ಅದರ ಬದಲು ಒಂದು ಪಕ್ಕ ಗೋಡೆಗೆ ಹತ್ತಿಸಿದರೆ ಇನ್ನೊಂದು ಪಕ್ಕ ಪೂರ್ತಿ ಮೂರು ಅಡಿ ಸಿಗುತ್ತದೆ.

ಯಾವ ಪಕ್ಕ ಗೋಡೆಗೆ? ಬಲಪಕ್ಕ. ನಾವು ಗಾಡಿ ಇಳಿಯುವುದು ಎಡಕ್ಕೆ. ಸೈಡ್ ಸ್ಟ್ಯಾಂಡ್ ಎಡಕ್ಕಿದೆ, ಮೇನ್ ಸ್ಟ್ಯಾಂಡ್ ಹಾಕುವುದೂ ಎಡಕ್ಕೆ ನಿಂತೇ. ನನ್ನ ಗಾಡಿಯ ಚೈನ್ ಕೂಡ ಎಡಕ್ಕಿದೆ, ಎಣ್ಣೆ ಬಿಡಲು ಅಲ್ಲೇ ಕೂರಬೇಕು. ಬಲಕ್ಕಿರುವುದು ಸೈಲೆನ್ಸರ್. ಓಡಿಸಿ ತಂದು ನಿಲ್ಲಿಸಿದಾಗ ಅದು ಕಾದಿರುತ್ತದೆ. ಅದು ಗೋಡೆ ಕಡೆ ಇದ್ದರೆ ಮಕ್ಕಳ ಕಾಲು ತಾಗುವುದಿಲ್ಲ. ಆದರೆ ಗಾಡಿ ಮತ್ತು ಗೋಡೆಯ ನಡುವಿನ ಆ ಸಂದಿಯಲ್ಲಿ ಏನನ್ನೂ ತುರುಕಬಾರದು. ಗೋಣಿಚೀಲ, ಪ್ಲಾಸ್ಟಿಕ್ ಕೊಡ, ಹಳೆಯ ಪೇಪರು, ಯಾವುದೂ ಬೇಡ. ಹ್ಯಾಂಡಲ್ ತುದಿಯಿಂದ ಗೋಡೆಗೆ ನಾಲ್ಕು ಬೆರಳಿನಷ್ಟು ಸಂದಿ ಬಿಟ್ಟಿದ್ದೇನೆ. ಹ್ಯಾಂಡಲ್ ತಾಗಬಹುದಾದ ಜಾಗದಲ್ಲಿ ಹಳೆಯ ಟಯರಿನ ತುಂಡನ್ನು ಗೋಡೆಗೆ ಮೊಳೆ ಹೊಡೆದು ಕೂಡಿಸಿದ್ದೇನೆ.

ಮೂತಿ ಒಳಗೋ ಹೊರಗೋ ಎಂಬುದರ ಬಗ್ಗೆ ಗೆಳೆಯರಲ್ಲಿ ವಾದ ಇದೆ. ಹಿಂದೆ ಹಿಂದೆ ತಳ್ಳಿ ಇಟ್ಟರೆ ಬೆಳಿಗ್ಗೆ ನೇರ ಹೊರಡಬಹುದು ಅನ್ನುತ್ತಾರೆ. ಸಮ ನೆಲವಿದ್ದರೆ ಸರಿ. ನಮ್ಮ ಕಡೆ ನೀರು ಹರಿದು ಹೋಗಲಿ ಅಂತ ನೆಲಕ್ಕೆ ಬಾಗಿಲ ಕಡೆ ಇಳಿಜಾರು ಕೊಟ್ಟಿರುತ್ತಾರೆ. ಸ್ಟ್ಯಾಂಡ್ ಯಾವುದೇ ಇರಲಿ, ಗಾಡಿ ಮುಂದಕ್ಕೆ ಸರಿದರೆ ಮಡಚಿಕೊಳ್ಳುತ್ತದೆ. ಮೂತಿ ಇಳಿಜಾರಿನ ಕಡೆ ಇದ್ದರೆ ಗಾಡಿ ತಾನೇ ಮುಂದಕ್ಕೆ ಸರಿಯಲು ನೋಡುತ್ತದೆ. ಮೂತಿ ಏರಿನ ಕಡೆ, ಅಂದರೆ ಒಳಗೆ ಇದ್ದರೆ ಆ ಭಯ ಇಲ್ಲ. ಅದಕ್ಕೇ ನನ್ನ ಗಾಡಿ ಮೂತಿ ಒಳಗೆ ಮಾಡಿ ನಿಲ್ಲುತ್ತದೆ.

ಹಾಗಾದರೆ ಹೊರಗೆ ತೆಗೆಯುವಾಗ 195 ಕೆ.ಜಿ. ಹಿಂದಕ್ಕೆ, ಅದೂ ಇಳಿಜಾರಿನಲ್ಲಿ ಬರಬೇಕು. ಮುಂದಿನ ಬ್ರೇಕ್ ಒಂದನ್ನೇ ನಂಬಿದರೆ, ಒದ್ದೆ ಶಹಾಬಾದ್ ಕಲ್ಲಿನ ಮೇಲೆ ಮುಂದಿನ ಚಕ್ರ ಜಾರುತ್ತದೆ. ಹಿಂದಕ್ಕೆ ಇಳಿಯುವಾಗ ಭಾರವೆಲ್ಲ ಹಿಂದಿನ ಚಕ್ರದ ಮೇಲಿರುತ್ತದೆ. ನಾನು ಮಾಡುವುದು ಹೀಗೆ: ಎಂಜಿನ್ ಬಂದ್ ಇರುವಾಗಲೇ ಒಂದನೇ ಗೇರಿಗೆ ಹಾಕುತ್ತೇನೆ. ಕ್ಲಚ್ ಹಿಡಿದರೆ ಗಾಡಿ ಸರಿಯುತ್ತದೆ, ಬಿಟ್ಟರೆ ಹಿಂದಿನ ಚಕ್ರ ಅಲ್ಲೇ ನಿಲ್ಲುತ್ತದೆ. ಕ್ಲಚ್ಚನ್ನೇ ಬ್ರೇಕಿನ ಹಾಗೆ ಬಳಸಿ ಸ್ವಲ್ಪ ಸ್ವಲ್ಪವೇ ಇಳಿಸಬಹುದು. ಎಡಕ್ಕೆ ನಿಂತು, ಗಾಡಿಯನ್ನು ತುಸು ಸೊಂಟದ ಕಡೆ ವಾಲಿಸಿಕೊಂಡು ಇಳಿಸುತ್ತೇನೆ. ಆ ಕಡೆ ವಾಲಿದರೆ ಹಿಡಿಯುವವರು ಯಾರೂ ಇರುವುದಿಲ್ಲ, ಅಲ್ವಾ?

ಬಾಗಿಲ ಮುಂದೆ ಗಟಾರ, ಅದರ ಮೇಲೆ ಕಲ್ಲು, ಆಮೇಲೆ ಅರ್ಧ ಅಡಿ ಎತ್ತರದ ಮೆಟ್ಟಿಲು. ಇದು ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ ಎಲ್ಲರ ಮನೆಯ ಕಥೆ. ಅಲ್ಲಿ ಒಂದು ಅಡಿ ಅಗಲದ ಹಲಗೆ ಹಾಕಿ ಗಾಡಿ ಏರಿಸುವವರನ್ನು ನೋಡಿದ್ದೇನೆ. ಚಕ್ರಕ್ಕೆ ಹಲಗೆ ಇದೆ, ಕಾಲಿಗೆ ಇಲ್ಲ. ಅರ್ಧ ದಾರಿಯಲ್ಲಿ ಕಾಲಿಡಲು ಹೋದರೆ ಕೆಳಗೆ ಗುಂಡಿ. ನಾನು ಗವಂಡಿಯಿಂದ ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದದ ಕಾಂಕ್ರೀಟ್ ಇಳಿಜಾರು ಮಾಡಿಸಿದೆ. ಗಟಾರದ ನೀರಿಗೆ ಅಡಿಯಲ್ಲಿ ಪೈಪು ಬಿಟ್ಟಿದೆ. ಸಿಮೆಂಟ್ ಹಸಿ ಇರುವಾಗಲೇ ಕೋಲಿನಿಂದ ಅಡ್ಡ ಗೆರೆ ಎಳೆಸಿದೆ, ಮಳೆಯಲ್ಲಿ ಟಯರೂ ಚಪ್ಪಲಿಯೂ ಜಾರದಿರಲಿ ಅಂತ. ಇಡೀ ಕೆಲಸದಲ್ಲಿ ಕೊಟ್ಟ ಹಣ ಸಾರ್ಥಕ ಅನಿಸಿದ್ದು ಈ ಒಂದಕ್ಕೆ.

ನಿಲ್ಲಿಸುವುದು ಯಾವಾಗಲೂ ಮೇನ್ ಸ್ಟ್ಯಾಂಡಿನ ಮೇಲೆ. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಎಡಕ್ಕೆ ವಾಲಿ ನಮ್ಮ ಜಾಗವನ್ನೇ ತಿನ್ನುತ್ತದೆ. ಸ್ಟ್ಯಾಂಡಿನ ಎರಡು ಕಾಲಿನ ಅಡಿಗೆ ದಪ್ಪ ರಬ್ಬರ್ ಹಾಸಿದ್ದೇನೆ, ಬರೀ ಕಲ್ಲಿನ ಮೇಲೆ ಅದು ಜಾರುತ್ತದೆ. ಆಮೇಲೆ ಒಂದು ಬೆಲ್ಟಿನಿಂದ ಮುಂದಿನ ಚಕ್ರವನ್ನು ಸ್ಟ್ಯಾಂಡಿಗೆ ಸೇರಿಸಿ ಬಿಗಿದರೆ ಸ್ಟ್ಯಾಂಡ್ ಮಡಚುವ ಮಾತೇ ಇಲ್ಲ. ಮಕ್ಕಳು ಹತ್ತಿ ಕುಣಿಯುವ ಮನೆಗಳಲ್ಲಿ ಈ ಬೆಲ್ಟ್ ತಪ್ಪಿಸಬೇಡಿ.

ಇನ್ನು ಗ್ಯಾರೇಜಿನ ಉಳಿದ ಸಾಮಾನು. ನಮ್ಮಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಹಾಗಾಗಿ ಡ್ರಮ್ಮುಗಳು ಬೇಕು. ಅವು ಹಿಂದಿನ ಗೋಡೆಗೆ ಸಾಲಾಗಿ ನಿಂತಿವೆ. ಗಾಡಿಯ ಏಳು ಅಡಿ ಹೋದರೆ ಉಳಿದ ನಾಲ್ಕು ಅಡಿ ಅವಕ್ಕೆ. ಡ್ರಮ್ಮಿಗೆ ಮುಚ್ಚಳ ಬಿಗಿಯಾಗಿರಬೇಕು. ತೆರೆದ ನೀರು ಮುಚ್ಚಿದ ಕೋಣೆಯಲ್ಲಿ ತೇವ ಏರಿಸುತ್ತದೆ, ಸೊಳ್ಳೆಯೂ ಬರುತ್ತದೆ. ನೀರು ತುಂಬುವ ಪೈಪಿಗೂ ಗಾಡಿಗೂ ದೂರ ಇರಲಿ.

ನಾನು ಹಟ ಹಿಡಿದು ಹೊರಗೆ ಹಾಕಿದ್ದು ಎರಡು ಸಾಮಾನು. ಒಂದು, ಊರಿಂದ ಬಂದ ಜೋಳದ ಮತ್ತು ಶೇಂಗಾದ ಚೀಲ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ವೈರಿಂಗ್ ಉಳಿಯುವುದಿಲ್ಲ. ಎರಡನೆಯದು ಇನ್ವರ್ಟರ್ ಬ್ಯಾಟರಿ. ಅವ್ವ ಕೇಳಿದಳು, "ಅದೇನು ಮಾಡೇತೋ ನಿನಗ? ಮೂಲ್ಯಾಗ ಸುಮ್ನ ಕುಂತೈತಿ." ನೀರು ಹಾಕುವಂಥ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಜೊತೆಗೆ ಆಮ್ಲದ ಹನಿಯೂ ಆವಿಯಾಗಿ ಏಳುತ್ತದೆ. ಆ ಆವಿ ಕ್ರೋಮ್ ತಿನ್ನುತ್ತದೆ. ಅದಕ್ಕಿಂತ ದೊಡ್ಡದು ಕಿಡಿಯ ಭಯ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ನುಗ್ಗಬಲ್ಲದು. ನಮ್ಮ ಹಳೆಯ ಮನೆಗಳಲ್ಲಿ ಗೋಡೆಯ ಆಚೆಯೇ ಬಚ್ಚಲ ಒಲೆ ಇರುತ್ತದೆ. ಒಲೆ ಹೋಗಿ ಗ್ಯಾಸ್ ಗೀಸರ್ ಬಂದಿದ್ದರೂ ಬೆಂಕಿ ಬೆಂಕಿಯೇ. ನಮ್ಮ ಮನೆಯಲ್ಲಿ ಗ್ಯಾರೇಜಿಗೂ ಬಚ್ಚಲಿಗೂ ನಡುವೆ ಒಂದು ಸಣ್ಣ ಕಿಂಡಿ ಇತ್ತು, ಕಟ್ಟಿಗೆ ತೆಗೆದುಕೊಳ್ಳಲು. ಅದನ್ನು ಇಟ್ಟಿಗೆ ಹಾಕಿ ಮುಚ್ಚಿಸಿದೆ. ಸ್ವಿಚ್ ಬೋರ್ಡನ್ನು ಎದೆ ಎತ್ತರಕ್ಕೆ ಏರಿಸಿದೆ. ಕ್ಯಾನಿನಲ್ಲಿ ಪೆಟ್ರೋಲ್ ಇಡುವುದಿಲ್ಲ, ಒಂದು ಲೀಟರ್ ಕೂಡ. ಶಟರಿನ ಅಡಿಯಲ್ಲಿ ಮತ್ತು ಹಿಂದಿನ ಗೋಡೆಯ ಮೇಲ್ಗಡೆ ಗಾಳಿಗೆ ಜಾಳಿಗೆ ಇದೆ. ಬಾಗಿಲ ಪಕ್ಕ, ಹೊರಗಿನಿಂದಲೇ ಕೈಗೆ ಸಿಗುವ ಹಾಗೆ, ಪುಡಿ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ನೇತುಹಾಕಿದ್ದೇನೆ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಡ್ರಮ್ ಪಕ್ಕದಲ್ಲೇ ಇದೆ ಅಂತ ಅದಕ್ಕೆ ಕೈ ಹಾಕಬಾರದು. ಮನೆಯವರಿಗೆಲ್ಲ ಇದನ್ನು ಹೇಳಿಟ್ಟಿದ್ದೇನೆ.

ಮಳೆಗಾಲದ ತೇವಕ್ಕೆ ಎಲ್ಲರೂ ಮೊದಲು ಮಾಡುವುದು ಪ್ಲಾಸ್ಟಿಕ್ ತಾಡಪತ್ರಿ ಹೊದಿಸುವುದು. ಒಳಗಿಟ್ಟ ಗಾಡಿಗೆ ಅದು ಬೇಡ. ಒಳಗಿನ ತೇವ ಹೊರಗೆ ಹೋಗದೆ ಅಲ್ಲೇ ಹನಿಗಟ್ಟುತ್ತದೆ. ಕೌದಿ ಬೆಚ್ಚಗಿರುತ್ತದೆ ಅಂತ ಅದನ್ನು ಹಾಕುವವರೂ ಇದ್ದಾರೆ. ಬೇಸಿಗೆಯ ಧೂಳಿಗೆ ಕೌದಿ ಒಳ್ಳೆಯದೇ, ಆದರೆ ಆಷಾಢದಲ್ಲಿ ಅದು ತೇವ ಕುಡಿದು ವಾರಗಟ್ಟಲೆ ಒಣಗುವುದಿಲ್ಲ. ನಾನು ಅವ್ವನ ಹಳೆಯ ನೂಲಿನ ಸೀರೆ ಹೊದಿಸುತ್ತೇನೆ. ತೆಳುವಾಗಿದೆ, ಗಾಳಿ ಆಡುತ್ತದೆ, ಒಗೆದರೆ ಬೇಗ ಒಣಗುತ್ತದೆ. ಮಳೆಯಲ್ಲಿ ನೆನೆದು ಬಂದ ಗಾಡಿಯನ್ನು ಒರೆಸಿ, ಸೈಲೆನ್ಸರ್ ಪೂರ್ತಿ ಆರಿದ ಮೇಲೆ ಮಾತ್ರ ಹೊದಿಸುವುದು. ಕ್ರೋಮ್ ಭಾಗಕ್ಕೆ ಎಣ್ಣೆ ಬಟ್ಟೆ ಆಡಿಸಿದರೆ ಸಾಕು. ಬ್ರೇಕ್ ಡಿಸ್ಕಿಗೆ ಮಾತ್ರ ಎಣ್ಣೆ ತಾಗಬಾರದು.

ಟ್ಯಾಂಕ್ ಕಬ್ಬಿಣದ್ದು. ಖಾಲಿ ಇದ್ದಷ್ಟೂ ಒಳಗೆ ತೇವದ ಗಾಳಿ, ಅದರಿಂದ ತುಕ್ಕು. ಮಳೆಗಾಲಕ್ಕೆ ಮುಂಚೆ 13 ಲೀಟರಿನ ಟ್ಯಾಂಕನ್ನು ಬಾಯಿಯಿಂದ ತುಸು ಕೆಳಗಿನವರೆಗೆ ತುಂಬಿಸುತ್ತೇನೆ. ಈಗಿನ ಪೆಟ್ರೋಲಿನಲ್ಲಿ 20%ವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಅದಕ್ಕೂ ಟ್ಯಾಂಕ್ ತುಂಬಿರುವುದೇ ಲೇಸು. ನಿಮ್ಮದು ಕಾರ್ಬುರೇಟರ್ ಇರುವ ಹಳೆಯ ಗಾಡಿಯಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ತಾನೇ ನಿಲ್ಲುವವರೆಗೆ ಹೊರಗೆ ಬಯಲಿನಲ್ಲಿ ಎಂಜಿನ್ ಓಡಿಸಿ. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ಗಟ್ಟಿಯಾಗಿ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಮುಚ್ಚುವುದು ತಪ್ಪುತ್ತದೆ.

ಬ್ಯಾಟರಿ 12 ವೋಲ್ಟ್, 8 ಆಂಪಿಯರ್-ಅವರ್. ಹಲವು ವಾರ ನಿಲ್ಲುವುದಾದರೆ ಬಿಚ್ಚಿ ಮನೆಯೊಳಗೆ ತರುತ್ತೇನೆ. ಬಿಚ್ಚುವಾಗ ಮೊದಲು ಮೈನಸ್ ತಂತಿ, ಹಾಕುವಾಗ ಅದೇ ಕೊನೆಗೆ. ಮೀಟರಿನಲ್ಲಿ 12.6 ವೋಲ್ಟಿನ ಮೇಲಿದ್ದರೆ ಚಿಂತೆ ಇಲ್ಲ. 12.4ಕ್ಕೆ ಇಳಿದರೆ ಸಣ್ಣ ಚಾರ್ಜರ್ ಹಚ್ಚುತ್ತೇನೆ. ದಿನಾ ಎರಡು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುವ ರೂಢಿ ನಮ್ಮ ಕಡೆ ಬಹಳ ಇದೆ. ಅದನ್ನು ದಯವಿಟ್ಟು ಬಿಡಿ. ಸ್ಟಾರ್ಟ್ ಮಾಡಲು ಹೋದ ಕರೆಂಟು ಎರಡು ನಿಮಿಷದಲ್ಲಿ ವಾಪಸ್ ತುಂಬುವುದಿಲ್ಲ. ಎಂಜಿನ್ ಪೂರ್ತಿ ಕಾಯುವುದಿಲ್ಲ, ಆಗ ಹುಟ್ಟಿದ ನೀರು ಆಯಿಲ್‌ನಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ. ಶಟರ್ ಹಾಕಿಕೊಂಡು ಸ್ಟಾರ್ಟ್ ಮಾಡುವುದಂತೂ ಪ್ರಾಣಕ್ಕೇ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಳೆ ಬಿಟ್ಟ ಭಾನುವಾರ ಕೆಲಗೇರಿ ಕೆರೆ ದಾಟಿ ಅರ್ಧ ಗಂಟೆ ಓಡಿಸಿ ಬಂದರೆ ಗಾಡಿಗೂ ಒಳ್ಳೆಯದು, ನಮಗೂ ಒಳ್ಳೆಯದು.

ಬೀಗದ ಬಗ್ಗೆ ಒಂದೇ ಮಾತು. ನೆಲದಲ್ಲಿ ಕಾಂಕ್ರೀಟಿಗೆ ಕೂಡಿಸಿದ ಕಬ್ಬಿಣದ ಬಳೆ ಇದೆ, ಅದಕ್ಕೆ ಹಿಂದಿನ ಚಕ್ರದಿಂದ ಸರಪಳಿ. ಸರಪಳಿ ನೆಲಕ್ಕೆ ತಾಗದಷ್ಟು ಬಿಗಿ ಇರಬೇಕು. ನೆಲದ ಮೇಲೆ ಬಿದ್ದಿದ್ದರೆ ಸುತ್ತಿಗೆಗೆ ನೆಲವೇ ಅಡಿಗಲ್ಲಾಗುತ್ತದೆ.

ಇಲಿಗೆ ಔಷಧ ಇಡುವುದಕ್ಕಿಂತ ದಾರಿ ಮುಚ್ಚುವುದನ್ನು ನಾನು ನಂಬುತ್ತೇನೆ. ಔಷಧ ತಿಂದ ಇಲಿ ಎಲ್ಲೋ ಸೀಟಿನ ಅಡಿಯಲ್ಲಿ ಸತ್ತರೆ ಹುಡುಕುವುದೇ ಕೆಲಸ. ಇಲಿಮರಿ ಪೆನ್ಸಿಲ್ ತೂರುವಷ್ಟು ಸಂದಿಯಲ್ಲೂ ಬರುತ್ತದೆ. ಹಾಗಾಗಿ ಜಾಳಿಗೆಗಳಿಗೆ ಕಾಲು ಇಂಚಿನ ತಂತಿ ಬಲೆ ಹಾಕಿಸಿದೆ. ನಾವು ಊರಿಗೆ ಹೋಗುವಾಗ ಸೈಲೆನ್ಸರ್ ಬಾಯಿಗೆ ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ತುರುಕಿ, ಅದಕ್ಕೆ ಕೆಂಪು ರಿಬ್ಬನ್ ಕಟ್ಟುತ್ತೇನೆ, ಸ್ಟಾರ್ಟ್ ಮಾಡುವ ಮುಂಚೆ ಕಣ್ಣಿಗೆ ಬೀಳಲಿ ಅಂತ. ಶಟರಿನ ಕೀಲಿ ಪಕ್ಕದ ಮನೆಯ ಕಾಕಾನ ಹತ್ತಿರ ಇರುತ್ತದೆ. ಕೊಡುವಾಗ ಇಷ್ಟೇ ಹೇಳುತ್ತೇನೆ: "ಕಾಕಾ, ವಾರಕ್ಕೊಮ್ಮೆ ಶಟರ್ ಎತ್ತಿ ಗಾಳಿ ಆಡಸ್ರಿ, ಇಲಿ ಹಿಕ್ಕಿ ಬಿದ್ದಾವೇನು ನೋಡ್ರಿ. ಗಾಡಿ ಚಾಲೂ ಮಾಡಬ್ಯಾಡ್ರಿ."